ರಿಪೋರ್ಟಿನಲ್ಲಿ ‘ಲಾಸ್’ ಅಂತ ಬರೆದಿದ್ದಾರೆ, ಇದು ಒಳ್ಳೆಯದಾ ಕೆಟ್ಟದ್ದಾ?

ಮಾವಿನತೋಪು (ಶ್ರೀನಿವಾಸಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ವಿಷಯ. ವಯಸ್ಸು 44. ನಮ್ಮದು ಮಾವಿನ ತೋಟ, ಮೂರು ಸೀಮೆಹಸು. ಹೋದ ವರ್ಷ ಕಾಯಿ ಕೀಳುವ ಹೊತ್ತಿಗೆ ಚಿಕ್ಕಪ್ಪ ಏಣಿ ಹತ್ತಿದರೆ ಏದುಸಿರು ಬಿಡುತ್ತಿದ್ದರು. ಒಂದು ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಏಳು ತಿಂಗಳು ಅದೇ ಮಾತ್ರೆ. 44ರ ಗಂಡಸಿಗೆ ರಕ್ತ ಎಲ್ಲಿಂದ ಸೋರುತ್ತಿದೆ ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ. ಕೊನೆಗೆ ಕೊಲೊನೋಸ್ಕೋಪಿ ಮಾಡಿದಾಗ ಬಲಗಡೆ, ದೊಡ್ಡ ಕರುಳು ಶುರುವಾಗುವ ಜಾಗದಲ್ಲೇ ಗಡ್ಡೆ ಕಂಡಿತು. ಆಪರೇಷನ್ ಆಗಿ ಮೂರು ವಾರ. ಈಗ ಮುದ್ದೆ ಉಣ್ಣುತ್ತಿದ್ದಾರೆ.

ಗಡ್ಡೆಯ ರಿಪೋರ್ಟ್ ಮೊನ್ನೆ ಬಂತು. ಸ್ಟೇಜ್ 2 ಅಂತೆ. ಕರುಳಿನ ಪಕ್ಕದ 19 ದುಗ್ಧಗ್ರಂಥಿ (ಲಿಂಫ್ ನೋಡ್) ನೋಡಿದ್ದಾರೆ, ಒಂದಕ್ಕೂ ಹರಡಿಲ್ಲ. ಅಲ್ಲಿಯವರೆಗೆ ಓದಿ ಉಸಿರು ಬಿಟ್ಟೆ. ಆಮೇಲೆ ಇನ್ನೊಂದು ಹಾಳೆ ಇತ್ತು:

ಎಂಎಲ್‌ಎಚ್1 – ಲಾಸ್
ಪಿಎಂಎಸ್2 – ಲಾಸ್
ಎಂಎಸ್‌ಎಚ್2 – ಇಂಟ್ಯಾಕ್ಟ್
ಎಂಎಸ್‌ಎಚ್6 – ಇಂಟ್ಯಾಕ್ಟ್

ಡಾಕ್ಟರ್ ಇದನ್ನು ನೋಡಿ ಎರಡು ಮಾತು ಹೇಳಿದರು. ಒಂದು, ಕೀಮೋ ಬೇಕಾಗಲ್ಲ ಅನ್ನಿಸುತ್ತೆ. ಎರಡು, ಮನೆಯಲ್ಲಿ ಯಾರ್‍ಯಾರಿಗೆ ಕ್ಯಾನ್ಸರ್ ಬಂದಿತ್ತು, ಮೂರು ತಲೆಮಾರಿನದು ಬರೆದುಕೊಂಡು ಬನ್ನಿ. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಜಾಸ್ತಿ ಕೇಳುವುದಕ್ಕೆ ಆಗಲಿಲ್ಲ. ಮನೆಗೆ ಬಂದರೆ ಅಜ್ಜಿಯದು ಒಂದೇ ವರಾತ: ‘ಎರಡು ಲಾಸ್ ಆಗಿದೆ, ಆದರೂ ಔಷಧಿ ಕೊಡಲ್ಲ ಅಂತಾರೆ, ನಾವು ಬಡವರು ಅಂತ ತಾನೇ?’ ಯಾರಾದರೂ ಬಿಡಿಸಿ ಹೇಳಿ.

ಟೊಮೇಟೊ ಮಂಡಿ (ಕೋಲಾರ)

ಇವೆಲ್ಲ ದುಡ್ಡು ಮಾಡುವ ಟೆಸ್ಟ್ ಗುರು. ಗಡ್ಡೆ ತೆಗೆದಾಯಿತು, ಗ್ರಂಥಿಯಲ್ಲಿ ಇಲ್ಲ, ಇನ್ನೇನು? ನಮ್ಮ ಕಾಲದಲ್ಲಿ ಇಷ್ಟೆಲ್ಲ ಅಕ್ಷರ ಇರಲಿಲ್ಲ.

ಸ್ಲೈಡ್ ಮೇಷ್ಟ್ರು (ಕೋಲಾರ)

ಮಂಡಿ ಸಾಹೇಬರೇ, ಆ ನಾಲ್ಕು ಸಾಲು ಹೊರಗೆ ಬರುವ ಕೋಣೆಯಲ್ಲಿ ನಾನು 22 ವರ್ಷ ಕೆಲಸ ಮಾಡಿದ್ದೇನೆ. ಇಡೀ ರಿಪೋರ್ಟಿನಲ್ಲಿ ಕಮ್ಮಿ ಖರ್ಚಿಗೆ ಜಾಸ್ತಿ ವಿಷಯ ಹೇಳುವುದು ಅದೇ ಹಾಳೆ. ಸ್ವಲ್ಪ ತಾಳ್ಮೆಯಿಂದ ಓದಿ.

ಮಾವಿನತೋಪು ಅವರೇ, ಮೊದಲು ಲಾಸ್ ಅಂದರೆ ಏನು ಅಂತ ಹೇಳುತ್ತೇನೆ. ಅದು ನಿಮ್ಮ ಚಿಕ್ಕಪ್ಪನ ಮೈಯಲ್ಲಿ ಆದ ನಷ್ಟ ಅಲ್ಲ. ಗಡ್ಡೆಯ ಜೀವಕೋಶದಲ್ಲಿ ಆ ಹೆಸರಿನ ಪ್ರೋಟೀನ್ ಕಾಣಲಿಲ್ಲ ಅಂತ ಅಷ್ಟೇ. ಇಂಟ್ಯಾಕ್ಟ್ ಅಂದರೆ ಕಂಡಿತು.

ಕಾಣುವುದು ಹೇಗೆ? ಗಡ್ಡೆಯ ತುಂಡನ್ನು ಫಾರ್ಮಲಿನ್‌ನಲ್ಲಿ ಗಟ್ಟಿ ಮಾಡಿ ಮೇಣದಲ್ಲಿ ಹುದುಗಿಸುತ್ತೇವೆ. ಅದು ಬ್ಲಾಕ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದನ್ನು ಮೂರು-ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದರೆ ರಿಬ್ಬನ್ ತರಹ ಎದ್ದು ಬರುತ್ತದೆ. ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ಆ ಕ್ಷಣದಲ್ಲಿ ಯಾರಾದರೂ ಫ್ಯಾನ್ ಹಾಕಿದರೆ ಮುಗಿಯಿತು ಕಥೆ. ಆಮೇಲೆ ಒಂದೊಂದು ಗಾಜಿಗೆ ಒಂದೊಂದು ಆಂಟಿಬಾಡಿ ಹಾಕುತ್ತೇವೆ. ಅದು ತನಗೆ ಸಂಬಂಧಪಟ್ಟ ಪ್ರೋಟೀನ್ ಸಿಕ್ಕ ಕಡೆ ಅಂಟಿಕೊಳ್ಳುತ್ತದೆ, ಅಲ್ಲಿ ಕಂದು ಬಣ್ಣ ಬರುತ್ತದೆ. ಪ್ರೋಟೀನ್ ಇಲ್ಲದ ಕಡೆ ನ್ಯೂಕ್ಲಿಯಸ್ ಬರೀ ನೀಲಿ.

ನಿಮ್ಮ ಚಿಕ್ಕಪ್ಪನ ಎಂಎಲ್‌ಎಚ್1 ಗಾಜು ಹೇಗಿರುತ್ತದೆ ಅಂದರೆ, ಗಡ್ಡೆಯ ಭಾಗವೆಲ್ಲ ನೀಲಿ, ಮಧ್ಯೆ ಮಧ್ಯೆ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆ. ಆ ಚುಕ್ಕೆಗಳು ಅವರ ಸ್ವಂತ ಲಿಂಫೋಸೈಟ್, ಅಂದರೆ ಬಿಳಿ ರಕ್ತಕಣ. ಅವು ಕಂದಾಗಿದ್ದರೆ ಬಣ್ಣ ಸರಿಯಾಗಿ ಹಿಡಿದಿದೆ ಅಂತ ಸಾಕ್ಷಿ. ಅವೂ ನೀಲಿಯಾಗಿದ್ದರೆ ಆ ಗಾಜಿನ ಮೇಲೆ ಏನೂ ಹೇಳಬಾರದು, ಮತ್ತೆ ಮಾಡಬೇಕು.

ಮಾವಿನತೋಪು

ಮೇಷ್ಟ್ರೇ, ಎಳ್ಳಿನ ಮಾತು ಚೆನ್ನಾಗಿ ಅರ್ಥ ಆಯಿತು. ಆದರೆ ಈ ನಾಲ್ಕು ಪ್ರೋಟೀನ್ ಏನು ಕೆಲಸ ಮಾಡುತ್ತವೆ? ಎರಡು ಒಟ್ಟಿಗೆ ಯಾಕೆ ಹೋದವು? ಎರಡು ಕಡೆ ಹಾಳಾಗಿದೆ ಅಂತಲಾ?

ಸ್ಲೈಡ್ ಮೇಷ್ಟ್ರು

ಇಲ್ಲ, ಹಾಳಾಗಿರುವುದು ಒಂದೇ ಇರಬೇಕು. ಇವು ಜೋಡೆತ್ತು. ಎಂಎಲ್‌ಎಚ್1 ಮತ್ತು ಪಿಎಂಎಸ್2 ಒಂದು ಜೋಡಿ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇನ್ನೊಂದು. ಜೋಡಿಯಲ್ಲಿ ಒಂದೊಂದು ದೊಡ್ಡೆತ್ತು. ಎಂಎಲ್‌ಎಚ್1 ಬಿದ್ದರೆ ಪಿಎಂಎಸ್2 ಒಂಟಿಯಾಗಿ ನಿಲ್ಲುವುದಿಲ್ಲ, ಕರಗಿಹೋಗುತ್ತದೆ. ಹಾಗಾಗಿ ಎರಡೂ ಲಾಸ್. ಪಿಎಂಎಸ್2 ಮಾತ್ರ ಬಿದ್ದರೆ ಎಂಎಲ್‌ಎಚ್1 ಬೇರೆ ಜೊತೆ ಹುಡುಕಿಕೊಂಡು ಉಳಿಯುತ್ತದೆ, ಆಗ ಒಂದೇ ಲಾಸ್. ಎಂಎಸ್‌ಎಚ್2-ಎಂಎಸ್‌ಎಚ್6 ಕಡೆಯೂ ಇದೇ ಲೆಕ್ಕ. ಯಾವುದು ಬಿದ್ದಿದೆ ಎಂಬುದರ ಮೇಲೆ ಯಾವ ಜೀನ್ ನೋಡಬೇಕು ಅಂತ ಗೊತ್ತಾಗುತ್ತದೆ.

ಕೆಲಸ ಏನು ಅಂದರೆ, ತಪ್ಪು ತಿದ್ದುವುದು. ಒಂದು ಜೀವಕೋಶ ಎರಡಾಗುವಾಗ ಸುಮಾರು 600 ಕೋಟಿ ಅಕ್ಷರದ ಡಿಎನ್‌ಎ ಪೂರ್ತಿ ಕಾಪಿ ಆಗಬೇಕು. ತಪ್ಪು ಆಗಿಯೇ ಆಗುತ್ತದೆ. ಎಂಎಸ್‌ಎಚ್ ಜೋಡಿ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತದೆ. ಎಂಎಲ್‌ಎಚ್1-ಪಿಎಂಎಸ್2 ಜೋಡಿ ಬಂದು ಕತ್ತರಿ ಹಾಕುತ್ತದೆ, ಆ ತುಂಡು ಮತ್ತೆ ಬರೆಯಲ್ಪಡುತ್ತದೆ. ಇದನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು, ಇನ್ನಿಬ್ಬರ ಜೊತೆ.

ನಮ್ಮ ಅಮ್ಮ ರಾಮಕೋಟಿ ಬರೆಯುತ್ತಿದ್ದರು. ಬೇರೆ ಬೇರೆ ಪದ ಇರುವ ಶ್ಲೋಕವಾದರೆ ತಪ್ಪಿದ್ದು ಕಣ್ಣಿಗೆ ಹೊಡೆಯುತ್ತದೆ. ಬರೀ ರಾಮ ರಾಮ ರಾಮ ಅಂತ ಬರೆಯುವಾಗ ಒಂದು ಸಾಲಿನಲ್ಲಿ ಒಂದು ಕಡಿಮೆ, ಇನ್ನೊಂದರಲ್ಲಿ ಒಂದು ಜಾಸ್ತಿ. ಡಿಎನ್‌ಎಯಲ್ಲೂ ಹಾಗೆ ಒಂದೇ ಅಕ್ಷರ ಸಾಲಾಗಿ ಬರುವ ಜಾಗಗಳಿವೆ, ಮೈಕ್ರೋಸ್ಯಾಟಲೈಟ್ ಅಂತಾರೆ. ಬ್ಯಾಟ್26 ಅನ್ನುವ ಜಾಗದಲ್ಲಿ ‘ಎ’ ಅಕ್ಷರ 26 ಸಲ ಬರುತ್ತದೆ. ತಿದ್ದುವವರು ಇಲ್ಲದ ಗಡ್ಡೆಯಲ್ಲಿ ಅದು ಇಪ್ಪತ್ತಕ್ಕೂ ಇಳಿದಿರಬಹುದು. ಹೀಗೆ ಉದ್ದ ಏರುಪೇರಾಗಿದ್ದರೆ ಎಂಎಸ್‌ಐ-ಹೈ ಅನ್ನುತ್ತಾರೆ. ನಾವು ಬಣ್ಣ ಹಾಕಿ ಪ್ರೋಟೀನ್ ನೋಡುತ್ತೇವೆ, ಪಿಸಿಆರ್ ಮಾಡುವವರು ಈ ಸಾಲುಗಳನ್ನು ಅಳೆಯುತ್ತಾರೆ. ಬೇರೆ ಬೇರೆ ದಾರಿ, ಹೆಚ್ಚು ಕಡಿಮೆ ಒಂದೇ ಉತ್ತರ.

ಅಂತರಗಂಗೆ ಮೆಟ್ಟಿಲು (ಕೋಲಾರದವಳು, ಈಗ ಬೆಂಗಳೂರು)

ಮೇಷ್ಟ್ರು ನನ್ನ ಅರ್ಧ ಕೆಲಸ ಮುಗಿಸಿದ್ದಾರೆ. ನಾನು ಡಾಕ್ಟರ್, ಆದರೆ ನಿಮ್ಮ ಡಾಕ್ಟರ್ ಅಲ್ಲ. ಫೈಲ್ ನೋಡಿದವರು ಅವರು, ಕೊನೆಯ ಮಾತು ಅವರದೇ.

ಕೀಮೋ ಬಗ್ಗೆ ಅಜ್ಜಿಗೆ ಹೀಗೆ ಹೇಳಿ: ಇದು ಬಡವರು ಅಂತ ಕೊಡದೇ ಇರುವುದಲ್ಲ. ಎಷ್ಟು ದುಡ್ಡಿದ್ದವರಿಗೂ ಇದೇ ಮಾತು. ಸ್ಟೇಜ್ 2ರಲ್ಲಿ ಸಾಮಾನ್ಯವಾಗಿ ಕೊಡುವುದು 5-ಎಫ್‌ಯು, ಇಲ್ಲವೇ ಅದರದೇ ಮಾತ್ರೆ ರೂಪ ಕ್ಯಾಪೆಸಿಟಬಿನ್. ತಿದ್ದುವ ಪ್ರೋಟೀನ್ ಇಲ್ಲದ ಗಡ್ಡೆ, ಅಂದರೆ ಡಿಎಂಎಂಆರ್ ಗಡ್ಡೆ ಇದ್ದವರಿಗೆ ಈ ಹಂತದಲ್ಲಿ ಅದೊಂದನ್ನೇ ಕೊಟ್ಟರೆ ಲಾಭ ಇಲ್ಲ ಅಂತ 2003ರಿಂದಲೂ ಅಧ್ಯಯನಗಳು ತೋರಿಸುತ್ತ ಬಂದಿವೆ. ಜೊತೆಗೆ ಸ್ಟೇಜ್ 2ರ ಡಿಎಂಎಂಆರ್ ಗಡ್ಡೆ ಆಪರೇಷನ್ ಆದ ಮೇಲೆ ಮರುಕಳಿಸುವುದೂ ಕಡಿಮೆ. ಅಂದರೆ ಲಾಸ್ ಅಂತ ಬರೆದದ್ದು ಈ ಒಂದು ವಿಷಯಕ್ಕೆ ಒಳ್ಳೆಯ ಸುದ್ದಿ.

ಸ್ಟೇಜ್ 3 ಆಗಿದ್ದರೆ ಲೆಕ್ಕ ಬೇರೆ. ಆಗ ಆಕ್ಸಾಲಿಪ್ಲಾಟಿನ್ ಸೇರಿಸಿ ಕೊಡುತ್ತಾರೆ, ಡಿಎಂಎಂಆರ್ ಇದ್ದರೂ. ಇದನ್ನು ಓದಿ ಯಾರೂ ನಡೆಯುತ್ತಿರುವ ಕೀಮೋ ನಿಲ್ಲಿಸಬೇಡಿ.

ಎರಡನೆಯ ವಿಷಯ ಮನೆಯವರದ್ದು. ಅದನ್ನು ನಿಮ್ಮ ಡಾಕ್ಟರ್ ಸುಮ್ನೆ ಕೇಳಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 15 ಜನರ ಗಡ್ಡೆಯಲ್ಲಿ ಹೀಗೆ ಪ್ರೋಟೀನ್ ಕಾಣೆಯಾಗಿರುತ್ತದೆ. ಆ 15ರಲ್ಲಿ ಸುಮಾರು ಮೂರು ಜನರಿಗೆ ಅದು ಹುಟ್ಟಿನಿಂದ, ಅಪ್ಪನಿಂದಲೋ ಅಮ್ಮನಿಂದಲೋ ಬಂದಿರುತ್ತದೆ. ಲಿಂಚ್ ಸಿಂಡ್ರೋಮ್ ಅಂತ ಹೆಸರು. ಉಳಿದವರಲ್ಲಿ ಹೆಚ್ಚಿನವರಿಗೆ ವಯಸ್ಸಾದ ಮೇಲೆ ಗಡ್ಡೆಯೊಳಗೆ ಎಂಎಲ್‌ಎಚ್1 ಜೀನ್‌ಗೆ ಮೆಥೈಲ್ ಬೀಗ ಬಿದ್ದಿರುತ್ತದೆ ಅಷ್ಟೇ. ಮಕ್ಕಳಿಗೆ ಹೋಗುವಂಥದ್ದಲ್ಲ.

ನಿಮ್ಮ ಚಿಕ್ಕಪ್ಪ ಯಾವ ಗುಂಪು ಅಂತ ಈ ಹಾಳೆಯೊಂದರಿಂದಲೇ ಹೇಳಲಿಕ್ಕೆ ಆಗುವುದಿಲ್ಲ. ಅದೇ ಬ್ಲಾಕ್ ಮೇಲೆ ಬ್ರಾಫ್ ಅನ್ನುವ ಜೀನ್‌ನಲ್ಲಿ ವಿ600ಇ ಅನ್ನುವ ತಪ್ಪು, ಮತ್ತು ಆ ಬೀಗ, ಅಂದರೆ ಎಂಎಲ್‌ಎಚ್1 ಮೆಥೈಲೇಷನ್ ನೋಡಬೇಕು. 44 ವಯಸ್ಸು ಅಂದರೆ ನನಗೆ ಅನುಮಾನ ಇದ್ದೇ ಇದೆ.

ಗೂಡು ಮಾರ್ಕೆಟ್ (ಶಿಡ್ಲಘಟ್ಟ)

ನಮ್ಮ ಅಮ್ಮನದು ಥೇಟ್ ಇದೇ ರಿಪೋರ್ಟ್. ಎಂಎಲ್‌ಎಚ್1 ಲಾಸ್, ಪಿಎಂಎಸ್2 ಲಾಸ್. ಆಗ ಅಮ್ಮನಿಗೆ 73. ಯಾರೋ ವಂಶದ್ದು ಅಂದುಬಿಟ್ಟರು. ನನ್ನ ತಂಗಿಗೆ ಗಂಡು ನೋಡುತ್ತಿದ್ದ ಸಮಯ, ಮನೆಯಲ್ಲಿ ಸೂತಕದ ಹಾಗೆ ಆಯಿತು. ಹದಿನೈದು ದಿನ ನಾನು ರೀಲಿಂಗ್ ಯೂನಿಟ್ ಕಡೆಯೂ ಹೋಗಲಿಲ್ಲ. ಆಮೇಲೆ ಬ್ರಾಫ್ ಪಾಸಿಟಿವ್ ಬಂತು. ಡಾಕ್ಟರ್ ನಕ್ಕು, ‘ಇದು ಅಮ್ಮನ ವಯಸ್ಸಿನದು, ನಿಮ್ಮ ರಕ್ತದ್ದಲ್ಲ’ ಅಂದರು. ಪಾಸಿಟಿವ್ ಅಂತ ಬಂದಿದ್ದಕ್ಕೆ ಮೈಸೂರುಪಾಕ್ ಹಂಚಿದ್ದು ನಾವೇ ಇರಬೇಕು.

ಅಂತರಗಂಗೆ ಮೆಟ್ಟಿಲು

ಹೌದು. ಬ್ರಾಫ್ ವಿ600ಇ ಸಿಕ್ಕಿದರೆ ಲಿಂಚ್ ಇಲ್ಲ ಅಂತ ಹೆಚ್ಚು ಕಡಿಮೆ ಖಾತ್ರಿ. ಸಿಗದಿದ್ದರೆ ಲಿಂಚ್ ಇದೆ ಅಂತ ಅರ್ಥ ಅಲ್ಲ, ಮುಂದೆ ಹುಡುಕಬೇಕು ಅಂತ. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಲಾಸ್ ಇರುವವರಿಗೆ ಈ ಮಧ್ಯದ ಮೆಟ್ಟಿಲು ಇಲ್ಲ. ನೇರ ರಕ್ತ ಪರೀಕ್ಷೆ.

ಟೊಮೇಟೊ ಮಂಡಿ

ಸರಿ, ಟೆಸ್ಟ್ ಬಗ್ಗೆ ಆಡಿದ ಮಾತು ವಾಪಸ್. ಆದರೆ ಎರಡು ಪ್ರಶ್ನೆ. ಒಂದು, ಎಲ್ಲ ಕ್ಯಾನ್ಸರ್‌ಗೂ ನೂರಕ್ಕೆ ನೂರು ಗುಣ ಮಾಡುವ ಇಂಜೆಕ್ಷನ್ ಬಂದಿದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಈಗಲೂ ಓಡಾಡುತ್ತಿದೆ, ಅದನ್ನೇ ಯಾಕೆ ಹಾಕಬಾರದು? ಎರಡು, ಇದೆಲ್ಲ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುವ ಕೆ.ಸಿ. ವ್ಯಾಲಿ ನೀರಿನಿಂದ ತಾನೇ?

ಅಂತರಗಂಗೆ ಮೆಟ್ಟಿಲು

ಕೆ.ಸಿ. ವ್ಯಾಲಿ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಆಡೋಣ. ಎಂಎಲ್‌ಎಚ್1 ಹುಟ್ಟಿನಿಂದಲೇ ಹೋಗಿದ್ದರೆ ಅದು ನಮ್ಮ ಕೆರೆಗಳಿಗೆ ಆ ನೀರು ಬರುವ ಎಷ್ಟೋ ಮೊದಲಿನ ಸಮಾಚಾರ.

ಇಂಜೆಕ್ಷನ್ ವಿಷಯ ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಡೊಸ್ಟಾರ್ಲಿಮಾಬ್ ಕೊಟ್ಟ 12 ಜನರ ಫಲಿತಾಂಶ ಪ್ರಕಟಿಸಿದರು. 12 ಜನರಲ್ಲೂ ಗಡ್ಡೆ ಕಾಣದಂತಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಆದರೆ ಆ 12 ಜನರೂ ಗುದನಾಳದ ಕ್ಯಾನ್ಸರ್‌ನವರು, ಎಲ್ಲರದ್ದೂ ಡಿಎಂಎಂಆರ್ ಗಡ್ಡೆ. ಫಾರ್ವರ್ಡ್ ಮಾಡಿದವರು ಆ ಒಂದು ಪದ ಬಿಟ್ಟುಬಿಟ್ಟರು. ನನಗೆ ಆ ವಾರ ಬಂದ ಫೋನ್ ಲೆಕ್ಕವಿಲ್ಲ. ಸ್ತನ, ಗಂಟಲು, ಶ್ವಾಸಕೋಶ, ಎಲ್ಲರೂ ಕೇಳಿದರು. ಮನೆ ಮಾರಲಿಕ್ಕೆ ತಯಾರಾಗಿದ್ದವರೂ ಇದ್ದರು.

ಯಾಕೆ ಈ ಗಡ್ಡೆಗೆ ಮಾತ್ರ ಹಾಗೆ ಕೆಲಸ ಮಾಡುತ್ತೆ ಅಂದರೆ ಮೇಷ್ಟ್ರ ರಾಮಕೋಟಿಗೇ ವಾಪಸ್ ಹೋಗಬೇಕು. ತಿದ್ದುವವರಿಲ್ಲದೆ ಗಡ್ಡೆಯಲ್ಲಿ ತಪ್ಪು ಸಾವಿರಗಟ್ಟಲೆ ಸೇರುತ್ತವೆ. ಆ ತಪ್ಪು ಅಕ್ಷರದಿಂದ ವಿಚಿತ್ರ ಪ್ರೋಟೀನ್ ತಯಾರಾಗುತ್ತವೆ. ಬಿಳಿ ರಕ್ತಕಣಗಳು ‘ಇವನು ನಮ್ಮೂರಿನವನಲ್ಲ’ ಅಂತ ಗುರುತು ಹಿಡಿದು ಮುತ್ತಿಕೊಳ್ಳುತ್ತವೆ. ಮೇಷ್ಟ್ರು ಕಂಡ ಎಳ್ಳಿನ ಚುಕ್ಕೆ ಅದೇ. ಆದರೆ ಗಡ್ಡೆ ಅವುಗಳ ಪಿಡಿ-1 ಅನ್ನುವ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಡೊಸ್ಟಾರ್ಲಿಮಾಬ್, ಪೆಂಬ್ರೋಲಿಜುಮಾಬ್, ನಿವೊಲುಮಾಬ್ ಇವೆಲ್ಲ ಆ ಬ್ರೇಕ್ ಬಿಡಿಸುವ ಔಷಧಿ. ತಪ್ಪು ಕಡಿಮೆ ಇರುವ ಮಾಮೂಲಿ ಕರುಳಿನ ಗಡ್ಡೆಯಲ್ಲಿ ಬ್ರೇಕ್ ಬಿಡಿಸಿದರೂ ಗುರುತು ಹಿಡಿಯಲಿಕ್ಕೆ ಏನೂ ಇರುವುದಿಲ್ಲ.

ಬೇರೆ ಅಂಗಕ್ಕೆ ಹರಡಿದ ಡಿಎಂಎಂಆರ್ ಕರುಳಿನ ಕ್ಯಾನ್ಸರ್‌ನಲ್ಲಿ 2020ರಲ್ಲಿ ಒಂದು ದೊಡ್ಡ ಹೋಲಿಕೆ ಬಂತು. ಪೆಂಬ್ರೋಲಿಜುಮಾಬ್ ಪಡೆದವರಲ್ಲಿ ಕಾಯಿಲೆ ಮುಂದುವರಿಯದೆ ನಿಂತ ಸಮಯ ಮಧ್ಯದ ಲೆಕ್ಕದಲ್ಲಿ 16.5 ತಿಂಗಳು, ಕೀಮೋದವರಲ್ಲಿ 8.2. ಎರಡರಷ್ಟು. ಆದರೆ ಹರಡಿದವರಲ್ಲಿ ಇಂಥ ಗಡ್ಡೆ ಇರುವುದು 100ಕ್ಕೆ ಐದು ಜನರಿಗೆ. ಆ ಐದು ಜನ ಯಾರು ಅಂತ ಹೇಳುವುದು ನೀವು ದುಡ್ಡು ಮಾಡುವ ಟೆಸ್ಟ್ ಅಂದಿರಲ್ಲ, ಅದೇ ಹಾಳೆ. ಔಷಧಿಗೆ ಲಕ್ಷಗಟ್ಟಲೆ ಆಗುತ್ತೆ, ಅದಕ್ಕೆ ಹೋಲಿಸಿದರೆ ಈ ಟೆಸ್ಟ್ ಬಸ್ ಚಾರ್ಜು. ಅಂದ ಹಾಗೆ ಮಾವಿನತೋಪು, ನಿಮ್ಮ ಚಿಕ್ಕಪ್ಪನಿಗೆ ಈಗ ಇದು ಬೇಕಾಗಿಲ್ಲ.

ಬಂಗಾರಪೇಟೆ ಪ್ಯಾಸೆಂಜರ್

ಈ ಹಾಳೆ ಬರಬೇಕಾದರೆ ತುಂಡು ಸರಿಯಾಗಿ ಲ್ಯಾಬ್ ಮುಟ್ಟಬೇಕು. ನಮ್ಮ ಮಾವನವರ ಕಥೆ ಕೇಳಿ. ಒಂದು ಸಣ್ಣ ಆಸ್ಪತ್ರೆಯಲ್ಲಿ ಶನಿವಾರ ಸಂಜೆ ಆಪರೇಷನ್ ಆಯಿತು. ತೆಗೆದ ಕರುಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, ಲ್ಯಾಬಿಗೆ ತಲುಪಿಸಿ ಅಂದರು. ಲ್ಯಾಬ್ ಬೆಂಗಳೂರಿನಲ್ಲಿ, ಭಾನುವಾರ ರಜೆ. ಡಬ್ಬಿಯಲ್ಲಿ ಇದ್ದದ್ದು ಸಲೈನ್ ಅಂತ ಆಮೇಲೆ ಗೊತ್ತಾಯಿತು. ಸೋಮವಾರ ಬೆಳಗ್ಗೆ ರೈಲಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪಕ್ಕದವರು ‘ಏನಣ್ಣ, ಉಪ್ಪಿನಕಾಯಾ?’ ಅಂತ ಕೇಳಿದರು. ಹೂಂ ಅಂದುಬಿಟ್ಟೆ.

ರಿಪೋರ್ಟ್ ಬಂತು: ನಾಲ್ಕು ಪ್ರೋಟೀನ್‌ಗೂ ‘ಹೇಳಲು ಆಗುವುದಿಲ್ಲ’. ಒಳಗಿನ ಕಂಟ್ರೋಲ್, ಅಂದರೆ ಮೇಷ್ಟ್ರು ಹೇಳಿದ ಎಳ್ಳಿನ ಚುಕ್ಕೆ ಕೂಡ ಬಣ್ಣ ಹಿಡಿದಿಲ್ಲ ಅಂತ.

ಸ್ಲೈಡ್ ಮೇಷ್ಟ್ರು

ಅಯ್ಯೋ. ಎರಡು ರಾತ್ರಿ ಸಲೈನ್‌ನಲ್ಲಿ ಇದ್ದ ತುಂಡು ಕೊಳೆಯಲಿಕ್ಕೆ ಶುರುವಾಗಿರುತ್ತದೆ, ಯಾವ ಆಂಟಿಬಾಡಿಯೂ ಅಂಟುವುದಿಲ್ಲ. ಹತ್ತು ಪರ್ಸೆಂಟ್ ಫಾರ್ಮಲಿನ್ ಇರಬೇಕು, ತುಂಡು ಮುಳುಗಿ ಇನ್ನೂ ಮೇಲೆ ಧಾರಾಳವಾಗಿ ಇರಬೇಕು, ಕರುಳನ್ನು ಉದ್ದಕ್ಕೆ ಸೀಳಿರಬೇಕು. ಇಲ್ಲದಿದ್ದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ಮುದ್ದೆ ತರಹ ಆಗುತ್ತದೆ.

ನಿಮ್ಮ ಮಾವನವರಿಗೆ ಆಪರೇಷನ್‌ಗೆ ಮುಂಚೆ ಕೊಲೊನೋಸ್ಕೋಪಿಯಲ್ಲಿ ಚಿಕ್ಕ ಚೂರು ತೆಗೆದಿರುತ್ತಾರಲ್ಲ? ಆ ಬಯಾಪ್ಸಿ ಬ್ಲಾಕ್ ಮೇಲೆ ಮಾಡಿಸಿ. ಚೂರು ಚಿಕ್ಕದಾದಷ್ಟೂ ಫಾರ್ಮಲಿನ್ ಬೇಗ ಒಳಗೆ ಇಳಿಯುತ್ತದೆ. ಎಷ್ಟೋ ಸಲ ದೊಡ್ಡ ತುಂಡಿಗಿಂತ ಅದೇ ಚೆನ್ನಾಗಿ ಬರುತ್ತದೆ. ಗುದನಾಳದ ಗಡ್ಡೆಗೆ ಮೊದಲು ರೇಡಿಯೇಷನ್ ಕೊಟ್ಟಿದ್ದರೂ ಇದೇ ಸಲಹೆ. ಆಮೇಲಿನ ತುಂಡಿನಲ್ಲಿ ಎಂಎಸ್‌ಎಚ್6 ಮಂಕಾಗಿ ಮೋಸ ಮಾಡುವುದುಂಟು.

ಬಂಗಾರಪೇಟೆ ಪ್ಯಾಸೆಂಜರ್

ಹಾಗೇ ಮಾಡಿಸಿದೆವು ಮೇಷ್ಟ್ರೇ. ನಾಲ್ಕೂ ಇಂಟ್ಯಾಕ್ಟ್. ಮಾಮೂಲಿ ಕೀಮೋ ನಡೆಯುತ್ತಿದೆ. ಡಬ್ಬಿ ಕಂಡರೆ ಈಗಲೂ ಮೈ ಜುಮ್ ಅನ್ನುತ್ತೆ.

ಮಾವಿನತೋಪು

ಎಲ್ಲರಿಗೂ ಉಪಕಾರ. ಬ್ಲಾಕ್ ಬೆಂಗಳೂರಿಗೆ ಕೊಟ್ಟು ಬಂದೆ. ಇನ್ನು ಮೂರು ತಲೆಮಾರಿನ ಪಟ್ಟಿ. ನನಗೆ ತಟ್ಟನೆ ಹೊಳೆದದ್ದು ವಂಶವೃಕ್ಷ. ತಾತ ತೀರಿಕೊಂಡಾಗ ಪೌತಿ ಖಾತೆಗೆ ಅಂತ ಮಾಡಿಸಿದ್ದು ಬೀರುವಿನಲ್ಲಿ ಇತ್ತು. ಸೀಲು, ಸಹಿ ಎಲ್ಲ ಇದೆ. ಜೆರಾಕ್ಸ್ ಮಾಡಿಸಿ, ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಯಾರು ಯಾವಾಗ ಹೇಗೆ ಹೋದರು ಅಂತ ಬರೆದುಕೊಂಡು ಹೋದೆ. ತಾತ 51ಕ್ಕೆ, ‘ಹೊಟ್ಟೆ ಗಡ್ಡೆ’. ಅಪ್ಪ 57, ಗಟ್ಟಿಮುಟ್ಟು. ಚಿಕ್ಕಪ್ಪ 44.

ಅಲ್ಲಿನ ಜೆನೆಟಿಕ್ ಕೌನ್ಸೆಲರ್ ಮೇಡಂ ಹಾಳೆ ತಿರುಗಿಸಿ ನೋಡಿದರು, ಹಿಂದೆ ಏನಾದರೂ ಇದೆಯಾ ಅಂತ. ‘ಹೆಣ್ಣುಮಕ್ಕಳೇ ಹುಟ್ಟಿಲ್ವಾ ನಿಮ್ಮ ಮನೆಯಲ್ಲಿ?’ ಅಂದರು.

ಹುಟ್ಟಿದ್ದಾರೆ. ಜಮೀನು ಭಾಗಕ್ಕೆ ಬರಬಾರದು ಅಂತ ಹೆಸರು ಬಿಟ್ಟು ಮಾಡಿಸಿದ್ದು. ಆವತ್ತು ಯಾರಿಗೂ ತಪ್ಪು ಅನ್ನಿಸಿರಲಿಲ್ಲ. ಅತ್ತೆ ಒಬ್ಬರಿದ್ದಾರೆ, ಚಿಂತಾಮಣಿ ಕಡೆ ಕೊಟ್ಟಿದ್ದೇವೆ. ತಾತನಿಗೆ ಇಬ್ಬರು ಅಕ್ಕತಂಗಿಯರು. ಒಬ್ಬರು ಗರ್ಭಕೋಶದ ಕ್ಯಾನ್ಸರ್‌ನಲ್ಲಿ ಹೋದರು ಅಂತ ಅಜ್ಜಿಯನ್ನು ಫೋನಿನಲ್ಲಿ ಕೇಳಿದ ಮೇಲೆ ಗೊತ್ತಾಯಿತು. ಮೇಡಂ ಅದನ್ನು ಕೇಳಿದ ತಕ್ಷಣ ಪೆನ್ನು ತೆಗೆದುಕೊಂಡರು. ಲಿಂಚ್‌ನಲ್ಲಿ ಕರುಳಿನ ಪಕ್ಕದಲ್ಲೇ ನಿಲ್ಲುವುದು ಗರ್ಭಕೋಶ ಅಂತೆ.

ಕೆಜಿಎಫ್ ಲೈಬ್ರರಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಈ ಕಾಯಿಲೆಯ ಚರಿತ್ರೆ ಶುರುವಾಗುವುದೂ ಒಬ್ಬ ಹೆಂಗಸಿನ ಮಾತಿನಿಂದಲೇ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನುವ ಪೆಥಾಲಜಿಸ್ಟ್‌ಗೆ ಅವರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ನಮ್ಮ ಮನೆಯವರೆಲ್ಲ ಹೀಗೇ ಹೋಗಿದ್ದಾರೆ, ನಾನೂ ಹೊಟ್ಟೆಯದೋ ಗರ್ಭಕೋಶದ್ದೋ ಕ್ಯಾನ್ಸರ್‌ನಿಂದಲೇ ಸಾಯುತ್ತೇನೆ ಅಂದಳು. ವಾರ್ಥಿನ್ ನಗಲಿಲ್ಲ, ಅವಳ ಮನೆತನದ ಪಟ್ಟಿ ಬರೆದರು, 1913ರಲ್ಲಿ ಪ್ರಕಟಿಸಿದರು. ಅವಳು ಹೇಳಿದ ಹಾಗೇ ಗರ್ಭಕೋಶದ ಕ್ಯಾನ್ಸರ್‌ನಲ್ಲಿ ಚಿಕ್ಕ ವಯಸ್ಸಿಗೇ ಹೋದಳು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಇಂಥದ್ದೇ ಮನೆತನಗಳನ್ನು ಬೆನ್ನು ಹತ್ತಿದರು. ವಾರ್ಥಿನ್ ಬರೆದಿಟ್ಟ ಮನೆತನದಲ್ಲಿ ಎಂಎಸ್‌ಎಚ್2 ಕೆಟ್ಟಿದೆ ಅಂತ 2000ದಲ್ಲಿ ಗೊತ್ತಾಯಿತು. ಅವಳು ಹೇಳಿ ನೂರು ವರ್ಷ ದಾಟಿತ್ತು.

ಟೊಮೇಟೊ ಮಂಡಿ

ನಮ್ಮಲ್ಲೂ ‘ಆ ಮನೆಗೆ ಶಾಪ ಇದೆ’ ಅಂತ ಹೇಳುವ ಮನೆಗಳಿವೆ. ಈಗ ಲೆಕ್ಕ ಹಾಕುತ್ತಿದ್ದೇನೆ.

ಮಾವಿನತೋಪು (ಮೂರು ತಿಂಗಳ ಮೇಲೆ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಯಿ ಸೀಸನ್ ಬೇರೆ.

ಬ್ರಾಫ್ ನೆಗೆಟಿವ್. ಮೆಥೈಲೇಷನ್ ಇಲ್ಲ. ಆಮೇಲೆ ಚಿಕ್ಕಪ್ಪನ ರಕ್ತ ಕೊಟ್ಟೆವು. ಎಂಎಲ್‌ಎಚ್1 ಜೀನ್‌ನಲ್ಲಿ ಹುಟ್ಟಿನಿಂದಲೇ ಒಂದು ಅಕ್ಷರ ತಪ್ಪಿದೆ. ಲಿಂಚ್.

ಮೊದಲನೆಯವರ ಟೆಸ್ಟ್‌ಗೆ ದುಡ್ಡು ಜಾಸ್ತಿ, ಇಡೀ ಜೀನ್ ಓದಬೇಕಲ್ಲ. ಯಾವ ಅಕ್ಷರ ಅಂತ ಗೊತ್ತಾದ ಮೇಲೆ ಉಳಿದವರಿಗೆ ಅದೊಂದೇ ಜಾಗ ನೋಡುತ್ತಾರೆ, ಖರ್ಚು ಇಳಿಯುತ್ತದೆ. ಅಪ್ಪನಿಗೂ ಅತ್ತೆಗೂ ತಲಾ ಅರ್ಧ ಚಾನ್ಸ್, ನಾಣ್ಯ ಚಿಮ್ಮಿದ ಹಾಗೆ.

ಅಪ್ಪನಿಗೆ ಇಲ್ಲ. ಹಾಗಾಗಿ ನನಗೂ ತಂಗಿಗೂ ಟೆಸ್ಟೇ ಬೇಡ ಅಂದರು. ಮೇಡಂ ಹಾಗೆ ಹೇಳಿದಾಗ ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದರು. ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ.

ಅತ್ತೆಯನ್ನು ಕರೆದುಕೊಂಡು ಬರುವುದಕ್ಕೆ ನಾನೇ ಚಿಂತಾಮಣಿಗೆ ಹೋಗಿದ್ದೆ. ಬಸ್ಸಿನಲ್ಲಿ ಸುಮ್ನೆ ಮಾತಾಡುತ್ತಾ, ಮುಟ್ಟು ನಿಂತು ಎರಡು ವರ್ಷ ಆದ ಮೇಲೆ ಮತ್ತೆ ಬ್ಲೀಡಿಂಗ್ ಆಗುತ್ತಿದೆ, ಆರು ತಿಂಗಳಾಯಿತು, ಉಷ್ಣ ಇರಬೇಕು ಅಂತ ಮೆಂತ್ಯ ನೆನೆಸಿ ಕುಡಿಯುತ್ತಿದ್ದೇನೆ ಅಂದರು. ಅಂತರಗಂಗೆ ಮೇಡಂ, ನಿಮ್ಮ ಥ್ರೆಡ್ ಓದಿರದಿದ್ದರೆ ನಾನೂ ಹೂಂ ಅಂದು ಕಿಟಕಿ ಕಡೆ ನೋಡುತ್ತಿದ್ದೆ. ನೇರ ಹೆಂಗಸರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗಡ್ಡೆ. ಸ್ಟೇಜ್ 1. ಗರ್ಭಕೋಶ, ಅಂಡಾಶಯ ಎರಡೂ ತೆಗೆದರು. ಆ ಗಡ್ಡೆಯ ಹಾಳೆಯಲ್ಲೂ ಅದೇ ಎರಡು ಸಾಲು: ಎಂಎಲ್‌ಎಚ್1 ಲಾಸ್, ಪಿಎಂಎಸ್2 ಲಾಸ್. ರಕ್ತದಲ್ಲಿ ಅದೇ ಅಕ್ಷರ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಪರೇಷನ್ ಆರೋಗ್ಯ ಕರ್ನಾಟಕದಲ್ಲಿ ಆಯಿತು. ರಕ್ತದ ಟೆಸ್ಟ್‌ಗೆ ಮಾತ್ರ ಕೈಯಿಂದ ಹಾಕಿದೆವು.

ವಾರ್ಡಿನಲ್ಲಿ ಅತ್ತೆಗೆ ವಂಶವೃಕ್ಷದ ವಿಷಯ ಹೇಳಬಾರದು ಅಂದುಕೊಂಡಿದ್ದೆ. ಅಜ್ಜಿ ಬಾಯಿ ತಪ್ಪಿ ಹೇಳಿಬಿಟ್ಟರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತೋಟದ ಕಾಗದದಲ್ಲಿ ನನ್ನ ಹೆಸರೇ ಇರಲಿಲ್ಲ. ಇದರಲ್ಲಿ ಮಾತ್ರ ಅಪ್ಪ ಸಮಪಾಲು ಕೊಟ್ಟಿದ್ದಾರೆ ನೋಡು’ ಅಂದರು. ನಗುತ್ತಲೇ ಅಂದರು. ಅಪ್ಪ ಎದ್ದು ಹೊರಗೆ ಹೋದರು.

ಚಿಕ್ಕಪ್ಪನ ಮಗಳಿಗೆ 20. ಟೆಸ್ಟ್ ಮಾಡಿಸುತ್ತೇನೆ ಅಂತ ಅವಳೇ ಹೇಳಿದ್ದಾಳೆ, ಪರೀಕ್ಷೆ ಮುಗಿಯಲಿ ಅಂತ ಕಾಯುತ್ತಿದ್ದೇವೆ. ಮಗನಿಗೆ 16, ಅವನು 18 ಆದ ಮೇಲೆ ತಾನೇ ತೀರ್ಮಾನ ಮಾಡಲಿ ಅಂದರು ಮೇಡಂ.

ಅಂತರಗಂಗೆ ಮೆಟ್ಟಿಲು

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಮುಟ್ಟು ನಿಂತ ಮೇಲಿನ ಬ್ಲೀಡಿಂಗ್ ಯಾವತ್ತೂ ಉಷ್ಣ ಅಲ್ಲ, ಲಿಂಚ್ ಇರಲಿ ಬಿಡಲಿ. ಎಂಎಲ್‌ಎಚ್1 ತಪ್ಪಿರುವವರಲ್ಲಿ 100ಕ್ಕೆ 40-50 ಜನರಿಗೆ ಜೀವಮಾನದಲ್ಲಿ ಕರುಳಿನ ಕ್ಯಾನ್ಸರ್ ಬರುತ್ತದೆ. ಅಂದರೆ ಅರ್ಧಕ್ಕರ್ಧ ಜನರಿಗೆ ಬರುವುದೂ ಇಲ್ಲ. ಹುಡುಗಿಗೆ ಪಾಸಿಟಿವ್ ಬಂದರೆ 20-25ರಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಇನ್ನೂ ಕ್ಯಾನ್ಸರ್ ಆಗದ ಗುಳ್ಳೆ (ಪಾಲಿಪ್) ಇರುವಾಗಲೇ ಕಿತ್ತುಹಾಕಬಹುದು. ಹಿಂದಿನ ರಾತ್ರಿ ಕುಡಿಯುವ ಆ ಔಷಧಿ ನೀರಿಗೆ ಎಲ್ಲರೂ ಬೈಯುತ್ತಾರೆ, ಬೈಯಲಿ, ಕುಡಿಯಲಿ. ನಿಮ್ಮ ಚಿಕ್ಕಪ್ಪ ಮತ್ತು ಅತ್ತೆಗೂ ಇದು ತಪ್ಪಿದ್ದಲ್ಲ.

ಆಸ್ಪಿರಿನ್ ಬಗ್ಗೆ ಒಬ್ಬರು ಖಾಸಗಿಯಾಗಿ ಕೇಳಿದ್ದರು. ಲಿಂಚ್ ಇರುವ 861 ಜನರ ಮೇಲೆ ಮಾಡಿದ ಕ್ಯಾಪ್2 ಅನ್ನುವ ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಎರಡು ವರ್ಷ ತೆಗೆದುಕೊಂಡವರಿಗೆ ಮುಂದೆ ಕರುಳಿನ ಕ್ಯಾನ್ಸರ್ ಕಡಿಮೆ ಬಂತು. ನಿಜ. ಆದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಅಂಗಡಿಯಿಂದ ತಂದು ಶುರು ಮಾಡಬೇಡಿ.

ಮುಳಬಾಗಿಲು ಅಕ್ಕ

ಮೇಡಂ, ಕೇಳಲೋ ಬೇಡವೋ ಅಂತ ವಾರದಿಂದ ಯೋಚಿಸುತ್ತಿದ್ದೇನೆ. ನಮ್ಮ ಯಜಮಾನರಿಗೂ ಲಿಂಚ್ ಅಂತ ಬಂದಿದೆ, ಎಂಎಸ್‌ಎಚ್6. ಅವರು ನನ್ನ ಸೋದರಮಾವ. ನಮ್ಮ ಕಡೆ ಮಾಮೂಲಿ ತಾನೇ. ನಮಗೆ ಒಬ್ಬಳು ಮಗಳು, ಎರಡನೆಯದಕ್ಕೆ ಯೋಚನೆ ಮಾಡುತ್ತಿದ್ದೇವೆ. ನಾನೂ ಟೆಸ್ಟ್ ಮಾಡಿಸಬೇಕಾ?

ಅಂತರಗಂಗೆ ಮೆಟ್ಟಿಲು

ಒಳ್ಳೆಯ ಪ್ರಶ್ನೆ ಅಕ್ಕ, ಈ ಥ್ರೆಡ್‌ನಲ್ಲಿ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಮಾಡಿಸಬೇಕು. ಲೆಕ್ಕ ನೋಡಿ. ನಿಮ್ಮ ಅಮ್ಮ ನಿಮ್ಮ ಯಜಮಾನರ ಅಕ್ಕ. ಅಮ್ಮನಿಗೆ ಇರುವ ಸಾಧ್ಯತೆ ಅರ್ಧ, ಅಮ್ಮನಿಂದ ನಿಮಗೆ ಬಂದಿರುವ ಸಾಧ್ಯತೆ ಕಾಲು. ಇಬ್ಬರಿಗೂ ಅದೇ ತಪ್ಪಿದ್ದರೆ ಪ್ರತಿ ಮಗುವಿಗೂ ಎರಡೂ ಕಡೆಯಿಂದ ಬರುವ ಸಾಧ್ಯತೆ ಮತ್ತೆ ಕಾಲು. ಹಾಗೆ ಎರಡೂ ಬಂದ ಮಕ್ಕಳಲ್ಲಿ ತಿದ್ದುವ ಪ್ರೋಟೀನ್ ಮೈಯ ಯಾವ ಜೀವಕೋಶದಲ್ಲೂ ಇರುವುದಿಲ್ಲ. ರಕ್ತದ್ದು, ಮೆದುಳಿನದು, ಕರುಳಿನದು, ಕ್ಯಾನ್ಸರ್ ಬಾಲ್ಯದಲ್ಲೇ ಬರುತ್ತದೆ. ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆ ಕಾಣಿಸುವುದುಂಟು. ಅಪರೂಪದ ಕಾಯಿಲೆ, ಆದರೆ ರಕ್ತಸಂಬಂಧದ ಮದುವೆ ಇರುವ ಕಡೆ ಅಷ್ಟು ಅಪರೂಪ ಅಲ್ಲ.

ಹೆದರಿಸುತ್ತಿಲ್ಲ. ನಿಮಗೆ ಇಲ್ಲದಿರುವ ಸಾಧ್ಯತೆಯೇ ಮುಕ್ಕಾಲು ಪಾಲು. ಆದರೆ ಎರಡನೆಯ ಮಗುವಿಗೆ ಮುಂಚೆ ಗೊತ್ತಿರಲಿ. ನಿಮ್ಮ ಅಮ್ಮನನ್ನೂ ಮರೆಯಬೇಡಿ, ಅವರ ಸಾಧ್ಯತೆ ನಿಮ್ಮದಕ್ಕಿಂತ ಜಾಸ್ತಿ.

ಮುಳಬಾಗಿಲು ಅಕ್ಕ

ಮಗಳ ಬೆನ್ನಿನ ಮೇಲೆ ಈಗಷ್ಟೇ ನೋಡಿ ಬಂದೆ. ಏನೂ ಇಲ್ಲ. ಸೋಮವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ.

ಗೂಡು ಮಾರ್ಕೆಟ್

ಮೇಷ್ಟ್ರೇ, ಕೊನೆಯದಾಗಿ ಒಂದು. ಅಮ್ಮನ ಬ್ಲಾಕ್ ಲ್ಯಾಬಿನವರು ವಾಪಸ್ ಕೊಟ್ಟಿದ್ದಾರೆ. ಎಲ್ಲಿ ಇಡಲಿ? ಹೆಂಡತಿ ಫ್ರಿಜ್ಜಿನಲ್ಲಿ ಇಡಬೇಡಿ ಅಂತ ಜಗಳ ಮಾಡುತ್ತಿದ್ದಾಳೆ.

ಸ್ಲೈಡ್ ಮೇಷ್ಟ್ರು

ನಿಮ್ಮ ಹೆಂಡತಿ ಹೇಳಿದ್ದೇ ಸರಿ. ಫ್ರಿಜ್ ಬೇಡ, ಬೀರು ಸಾಕು. ಒಂದು ಕವರಿನಲ್ಲಿ ಹಾಕಿ, ಮೇಲೆ ಹೆಸರು, ಬ್ಲಾಕ್ ನಂಬರ್ ಬರೆದು, ರಿಪೋರ್ಟ್ ಜೊತೆಗೇ ಇಡಿ. ಅದು ಮೇಣ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಟ್ಟು ಹೋಗಬೇಡಿ. ನಮ್ಮ ಲ್ಯಾಬಿಗೆ ಒಬ್ಬರು ಹಾಗೇ ತಂದಿದ್ದರು, ಏಪ್ರಿಲ್ ತಿಂಗಳು. ಮೇಣ ಮೆತ್ತಗಾಗಿ ನಂಬರ್ ಚೀಟಿಗೆ ಅಂಟಿಕೊಂಡಿತ್ತು. ಐಸ್ ಮೇಲಿಟ್ಟು ಅರ್ಧ ದಿನ ಬಿಡಿಸಿದೆ.